ಸೊಲ್ಲಾಪುರದ ದಾಳಿಂಬೆಗೆ ಬಿಸಿಲಿನ ಮದ್ದು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ ದಾಳಿಂಬೆಗೆ ಹೆಸರಾದುದು. ಅಲ್ಲಿನ ಗಡಿ ತಾಲೂಕಾದ ಅಕ್ಕಲಕೋಟೆಯ ಅನೇಕ ಹಳ್ಳಿಗಳಲ್ಲಿ, ನಮ್ಮಲ್ಲಿರುವಂತೆಯೇ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ. ಮಳೆ ಕಡಿಮೆ, ಬೇಸಗೆಯಲ್ಲಿ ಉಷ್ಣಮಾನ 40 ಡಿಗ್ರಿ ದಾಟುತ್ತದೆ. ಈ ಸುಡುಬಿಸಿಲೇ ಕೃಷಿಕನಿಗೆ ಔಷಧಿಯೂ ಆಗಬಲ್ಲದೆಂಬುದು ಗಮನಿಸತಕ್ಕ ಸಂಗತಿ.

ದಾಳಿಂಬೆಯ ದೊಡ್ಡ ಶತ್ರುಗಳಲ್ಲೊಂದು ಸೊರಗು ರೋಗ. ಮುಖ್ಯವಾಗಿ ಸೆರಾಟೋಸಿಸ್ಟಿಸ್ ಎಂಬ ಶಿಲೀಂಧ್ರವು ಬೇರಿನ ಮೂಲಕ ಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುಗಳು ಮಾಡುವ ಗಾಯ ಅದಕ್ಕೆ ಬಾಗಿಲು ತೆರೆಯುತ್ತದೆ. ವರ್ಷಗಟ್ಟಲೆ ಸಾಕಿದ ಗಿಡ ಕಾಯಿ ಸಮೇತ ಒಣಗಿ ನಿಂತರೆ, ಸಾಲ ಮಾಡಿ ತೋಟ ಕಟ್ಟಿದವನ ಗತಿಯೇನು?

ಮಣ್ಣಿನಲ್ಲಿ ಅಡಗಿದ ಇಂತಹ ರೋಗಗಳಿಗೆ ಮುಂದುವರಿದ ದೇಶಗಳ ಹಸಿರುಮನೆಗಳಲ್ಲೂ ಸ್ಟ್ರಾಬೆರಿ ತೋಟಗಳಲ್ಲೂ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಮಣ್ಣಿಗೆ ಹಾಯಿಸುತ್ತಿದ್ದರು. ಅದು ಒಳ್ಳೆಯ ಜೀವಾಣುಗಳನ್ನೂ ಕೊಂದಿತು. ಆಕಾಶಕ್ಕೇರಿ ಓಝೋನ್ ಪದರವನ್ನೂ ಸವೆಸಿತು. ಆದುದರಿಂದ ಮಾಂಟ್ರಿಯಲ್ ಒಪ್ಪಂದದಂತೆ ಆ ದೇಶಗಳು 2005ಕ್ಕೆ, ಉಳಿದವು 2015ಕ್ಕೆ, ಕೆಲವು ವಿನಾಯಿತಿಗಳೊಡನೆ ಅದನ್ನು ಕೈಬಿಡಬೇಕಾಯಿತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದರ ಫಲ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬದಲಿ ದಾರಿಯನ್ನು 1976ರಲ್ಲಿ ಇಸ್ರೇಲಿನ ಕಾಟನ್ ಮತ್ತು ಸಂಗಡಿಗರು ಪ್ರಕಟಿಸಿದರು. ಮಣ್ಣನ್ನು ಹದ ಮಾಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ಕಡುಬೇಸಗೆಯಲ್ಲಿ 4ರಿಂದ 6 ವಾರ ಬಿಡುವುದು, ಇಷ್ಟೇ. ಕಪ್ಪು ಹಾಳೆ ಇದಕ್ಕೆ ಅಷ್ಟು ಒಳ್ಳೆಯದಲ್ಲ, ಬಿಸಿಲು ಒಳಗಿಳಿಯಬೇಕು. ಒಣಮಣ್ಣಿಗಿಂತ ಹಸಿಮಣ್ಣಿನಲ್ಲಿ ಶಾಖ ಆಳಕ್ಕಿಳಿಯುತ್ತದೆ, ರೋಗಾಣುಗಳೂ ಬೇಗ ಸಾಯುತ್ತವೆ.

ಹಾಳೆ ತೆಗೆದ ಮೇಲೆಯೇ ಬೇವಿನ ಹಿಂಡಿ ಮತ್ತು ಕೊಟ್ಟಿಗೆ ಗೊಬ್ಬರದೊಡನೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಸೇರಿಸಬೇಕು. ಮೊದಲೇ ಹಾಕಿದರೆ ಅದೂ ಬೆಂದುಹೋದೀತು. ಗಿಡಗಳ ನಡುವೆ ಚೆಂಡುಹೂ ಬೆಳೆದರೆ ಜಂತುಹುಳು ತಗ್ಗುತ್ತದೆ. ಸೊಲ್ಲಾಪುರದಲ್ಲಿ 2005ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದ್ದು, ಅಲ್ಲಿನ ಬೆಳೆಗಾರರಿಗೆ ಸಲಹೆ ದೊರೆಯುತ್ತದೆ.

ಇದಕ್ಕೂ ಮಿತಿಯುಂಟು. ಬಿಸಿಲ ಮದ್ದು ಗಿಡ ನೆಡುವ ಮೊದಲಿನದು. ಸೊರಗಿದ ಮರವನ್ನು ಅದು ಬದುಕಿಸದು. ಬಹಳ ಆಳದ ರೋಗಾಣುಗಳಿಗೂ ಅದು ತಟ್ಟದು.

ನಮ್ಮ ಕರಿಮೆಣಸಿನ ಸಸಿಮಡಿಗೂ ಇದೇ ಕ್ರಮ ಒಪ್ಪುತ್ತದೆ. ಪೊಟ್ಟಣಕ್ಕೆ ತುಂಬುವ ಮಣ್ಣನ್ನು ಮಳೆಗಾಲಕ್ಕೆ ಮುನ್ನ ಹೀಗೆ ಬಿಸಿಲಿಗೊಡ್ಡಿದರೆ, ಬಳ್ಳಿಯ ರೋಗ ಸಸಿಯೊಡನೆಯೇ ತೋಟಕ್ಕೆ ಬರುವುದನ್ನು ಬಹುಮಟ್ಟಿಗೆ ತಡೆಯಬಹುದು. ಖರ್ಚು ಒಂದು ಹಾಳೆಯದು ಮಾತ್ರ. ಉಳಿದುದನ್ನು ಸೂರ್ಯನೇ ನೋಡಿಕೊಳ್ಳುತ್ತಾನೆ.