ಪಕ್ಕೆಯಲ್ಲಿ ಸೇತುವೆ, ಒಡಲಲ್ಲಿ ದೋಣಿ

2024ರ ಸೆಪ್ಟೆಂಬರ್ ಮೊದಲ ವಾರ ವಿಜಯವಾಡದ ಸಿಂಗ್‌ನಗರ ನೀರಿನಲ್ಲಿ ಮುಳುಗಿತ್ತು. ‘ವಿಜಯವಾಡದ ದುಃಖ’ ಎಂದೇ ಹೆಸರಾದ ಬುಡಮೇರು ಹಳ್ಳ ಉಕ್ಕಿ, ಅದರ ನೀರನ್ನು ತಿರುಗಿಸುವ ಕಾಲುವೆಯ ಏರಿ ಮೂರು ಕಡೆ ಒಡೆದಿತ್ತು. ಅತ್ತ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ಮೀರಿ ಹರಿಯುತ್ತಿದ್ದಳು. ಒಡಕು ಮುಚ್ಚಲು ಸೇನೆಯವರು ಬಂದರು. ಅವರು ನೆಚ್ಚಿಕೊಂಡದ್ದು ಗೇಬಿಯನ್ ಎಂಬ ತಂತಿಬಲೆಯ ಬುಟ್ಟಿಗಳನ್ನು.

ರಭಸದ ನೀರಿಗೆ ಬಿಡಿ ಕಲ್ಲು ಸುರಿದರೆ ಒಂದೊಂದೇ ಕೊಚ್ಚಿಹೋಗುತ್ತದೆ. ಅದೇ ಕಲ್ಲನ್ನು ತಂತಿಬುಟ್ಟಿಗೆ ತುಂಬಿ, ಬಾಯಿ ಬಿಗಿದು, ಪಕ್ಕದ ಬುಟ್ಟಿಗೆ ಹೆಣೆದರೆ ಅಷ್ಟೂ ಸೇರಿ ಒಂದೇ ಬಂಡೆಯಂತೆ ಕೂರುತ್ತದೆ. ಸಂದುಗಳಲ್ಲಿ ನೀರು ಸೋರುವುದರಿಂದ ಹಿಂದಿನ ಒತ್ತಡ ಇಳಿಯುತ್ತದೆ. ಅಡಿಯ ಮಣ್ಣು ಕುಸಿದರೂ ಬುಟ್ಟಿ ಒಡೆಯುವುದಿಲ್ಲ, ಬಾಗಿಕೊಂಡು ಆ ತಗ್ಗಿನಲ್ಲೇ ನೆಲೆಯಾಗುತ್ತದೆ.

ದಾರಿ ಇಲ್ಲದಲ್ಲಿ ದಾರಿ ಮಾಡುವುದು, ಬೇಡದ ದಾರಿಯನ್ನು ಮುಚ್ಚುವುದು ಸೇನೆಯ ಇಂಜಿನಿಯರುಗಳ ಕಸುಬು. ಮುಂದೆ ಏನು ಅಡ್ಡ ಬರುತ್ತದೋ ಮೊದಲೇ ತಿಳಿಯದು. ಹಾಗಿದ್ದಮೇಲೆ ಗಾಡಿಯಲ್ಲಿ ಏನೇನು ತುಂಬಿಕೊಂಡು ಹೊರಡಬೇಕು? ಎರಡನೇ ಮಹಾಯುದ್ಧದ ಜರ್ಮನ್ ಸೇನೆ ಇದಕ್ಕೆ ಕೊಟ್ಟ ಉತ್ತರದ ಹೆಸರು 251/7. ಹಿಟ್ಲರನ ಆಕ್ರಮಣಕ್ಕೆ ದುಡಿದ ಗಾಡಿ ಇದು, ಅದನ್ನು ಮರೆಯುವಂತಿಲ್ಲ. ಆದರೆ ಅದರ ಸಾಮಾನುಗಳ ಜೋಡಣೆಯಲ್ಲಿ ಕಲಿಯುವುದು ಬಹಳ ಇದೆ.

ಹ್ಯಾನೊಮಾಗ್ ಕಂಪನಿ ರೂಪಿಸಿದ 251 ಸರಣಿಯ ಗಾಡಿಗಳು 15,000ಕ್ಕೂ ಹೆಚ್ಚು ತಯಾರಾದವು. ಇವು ಹಾಫ್‌ಟ್ರ್ಯಾಕ್‌ಗಳು: ಮುಂದೆ ಲಾರಿಯಂತೆ ಎರಡು ಚಕ್ರ, ಹಿಂದೆ ಟ್ಯಾಂಕಿನಂತೆ ಉಕ್ಕಿನ ಪಟ್ಟಿ. ಮುಂದಿನ ಚಕ್ರಗಳಿಗೆ ಇಂಜಿನ್ನಿನ ಬಲವಿಲ್ಲ, ಅವು ದಿಕ್ಕು ತಿರುಗಿಸಲು ಮಾತ್ರ. ಸಣ್ಣ ತಿರುವಿಗೆ ಸ್ಟಿಯರಿಂಗ್ ಸಾಕು. ತೀರಾ ಇಕ್ಕಟ್ಟಿನ ತಿರುವಾದರೆ ಒಳಬದಿಯ ಪಟ್ಟಿಗೆ ಬ್ರೇಕ್ ಬಿದ್ದು ಗಾಡಿ ಹೊರಳುತ್ತದೆ. ಪಟ್ಟಿ ಭಾರವನ್ನು ಅಗಲಕ್ಕೆ ಹರಡುವುದರಿಂದ ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ. ಎಂಟೊಂಬತ್ತು ಟನ್ ಭಾರಕ್ಕೆ 100 ಅಶ್ವಶಕ್ತಿಯ ಮೇಬ್ಯಾಕ್ ಪೆಟ್ರೋಲ್ ಇಂಜಿನ್ ಇತ್ತು.

ಇಂಜಿನಿಯರುಗಳ ಗಾಡಿಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಎಡಬಲದ ಪಕ್ಕೆಗಳ ಮೇಲೆ ಒಂದೊಂದು ಗಿಡ್ಡ ಉಕ್ಕಿನ ಹಲಗೆ, ಅದೇ ಸೇತುವೆ. ಹಳ್ಳ ಅಡ್ಡ ಬಂದರೆ ಸೈನಿಕರು ಕೆಳಗಿಳಿದು ಎರಡನ್ನೂ ಕೈಯಾರೆ ಬಿಚ್ಚಿ, ಎರಡು ಬದಿಯ ಚಕ್ರಗಳ ನಡುವಿನ ಅಂತರವನ್ನೇ ಬಿಟ್ಟು ಹಳ್ಳದ ಮೇಲೆ ಹಾಸಬೇಕು. ಹಲಗೆ ಒಂದಿಷ್ಟು ಆಚೀಚೆಯಾದರೂ ಚಕ್ರ ಜಾರಿ ಗಾಡಿ ಗುಂಡಿಗೆ. ಗುಂಡಿನ ಮಳೆಯ ನಡುವೆ ಈ ಅಳತೆ ತಪ್ಪದಂತೆ ನೋಡಿಕೊಳ್ಳುವುದೇ ಅವರ ನಿಜವಾದ ಕೌಶಲ. ನಮ್ಮ ಸೇನೆಯ ‘ಸರ್ವತ್ರ’ ಸೇತುವೆಯಲ್ಲಿ ಆ ಕೆಲಸ ಯಂತ್ರದ್ದು. ಡಿಆರ್‌ಡಿಒ ರೂಪಿಸಿ ಬೆಂಗಳೂರು ಮೂಲದ ಬೆಮೆಲ್ ತಯಾರಿಸುವ ಈ ವ್ಯವಸ್ಥೆಯಲ್ಲಿ ಒಂದು ಲಾರಿ 15 ಮೀಟರ್ ಸೇತುವೆ ಹೊರುತ್ತದೆ. ಐದನ್ನು ಒಂದರ ಮುಂದೊಂದು ಹಾಸಿದರೆ 75 ಮೀಟರ್ ದಾಟಬಹುದು.

251/7ರ ತೆರೆದ ಒಡಲಿನಲ್ಲಿ ಗುದ್ದಲಿ, ಪಿಕಾಸಿ, ಕೊಡಲಿ, ಗರಗಸ, ತಂತಿ ಕತ್ತರಿ, ನೆಲಬಾಂಬು, ಅವನ್ನು ಹುಡುಕುವ ಉಪಕರಣ, ಗಾಳಿ ತುಂಬುವ ರಬ್ಬರ್ ದೋಣಿ ಇರುತ್ತಿದ್ದವು. ಮೆಷಿನ್‌ಗನ್ ಇತ್ತು, ಕೆಲಸ ಮಾಡುವವರಿಗೆ ಕಾವಲಾಗಿ. ಸ್ಫೋಟಕಗಳು ಅಳತೆಗೆ ತಕ್ಕಂತೆ ಕಟ್ಟಿದ ಪೊಟ್ಟಣಗಳಾಗಿ ಬರುತ್ತಿದ್ದವು: 200 ಗ್ರಾಂ, 1 ಕಿಲೋ, 3 ಕಿಲೋ. ಮುಳ್ಳುತಂತಿಯ ಬೇಲಿ ಸಿಕ್ಕರೆ ಪೊಟ್ಟಣಗಳನ್ನು ಉದ್ದನೆಯ ಹಲಗೆಗೆ ಸಾಲಾಗಿ ಕಟ್ಟಿ ಬೇಲಿಯಡಿಗೆ ತಳ್ಳಿ ಸಿಡಿಸುತ್ತಿದ್ದರು.

ಈ ಉಪಾಯದ ತವರು ಬೆಂಗಳೂರು. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಕೊಳವೆಗಳಿಗೆ ಸ್ಫೋಟಕ ತುಂಬಿ, ಒಂದಕ್ಕೊಂದು ಜೋಡಿಸಿ ಮುಂದೆ ನೂಕುವ ಸಾಧನ ಮಾಡಿದ. ಸೈನಿಕ ಮರೆಯಲ್ಲೇ ಇದ್ದು, ಹಿಂದಿನಿಂದ ಕೊಳವೆ ಸೇರಿಸುತ್ತ ಹೋದರೆ ಮುಂದಿನ ತುದಿ ಬೇಲಿಯೊಳಗೆ ಇನ್ನಷ್ಟು ದೂರ ನುಗ್ಗುತ್ತದೆ. ಜಗತ್ತು ಅದನ್ನು ‘ಬೆಂಗಳೂರು ಟಾರ್ಪೆಡೊ’ ಎಂದೇ ಕರೆಯಿತು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಜರ್ಮನ್ನರ ಮುಳ್ಳುತಂತಿಯನ್ನು ಸೀಳಿದ್ದು ಇದೇ ಕೊಳವೆ. ಹಲಸೂರು ಕೆರೆಯ ಪಕ್ಕದಲ್ಲಿ ಆ ದಳದ ಕೇಂದ್ರ ಇಂದಿಗೂ ಇದೆ. ಕೆರೆಯ ಸುತ್ತ ಓಡಾಡುವ ನಮಗೆ ಈ ಕಥೆ ಇನ್ನಷ್ಟು ಗೊತ್ತಿರಬೇಕಿತ್ತು.

ಸ್ಫೋಟಕ, ನೆಲಬಾಂಬುಗಳನ್ನು ತೆಗೆದು ಬದಿಗಿಟ್ಟರೆ ಆ ಜರ್ಮನ್ ಗಾಡಿಯಲ್ಲಿ ಉಳಿಯುವುದು ಬಹುಪಾಲು ಇಂದಿನ ರಕ್ಷಣಾ ತಂಡದ ಸಾಮಾನೇ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಸಾವಿರಾರು ಮರಗಳು ಉರುಳಿ ರಸ್ತೆಗಳು ಮುಚ್ಚಿಹೋದವು. ಆ ಹೊತ್ತಿಗೆ ಆಂಬುಲೆನ್ಸಿಗಿಂತ ಮೊದಲು ಬೇಕಾದದ್ದು ಗರಗಸ. ಮೋಟಾರು ಗರಗಸದ ಸರಪಳಿಯ ಹಲ್ಲುಗಳು ದಿಮ್ಮಿಯನ್ನು ನಿಮಿಷಗಳಲ್ಲಿ ತುಂಡರಿಸುತ್ತವೆ. ಆದರೆ ಬಾಗಿ ಬಿದ್ದ ಮರದಲ್ಲಿ ಎಳೆತ ಯಾವ ಕಡೆಗಿದೆ ಎಂದು ನೋಡದೆ ಕೊಯ್ದರೆ ಸರಪಳಿ ಸಿಕ್ಕಿಬೀಳುತ್ತದೆ, ಇಲ್ಲವೇ ಕೊಂಬೆ ಚಿಮ್ಮಿ ಕೊಯ್ಯುವವನಿಗೇ ಬಡಿಯುತ್ತದೆ.

ರಬ್ಬರ್ ದೋಣಿಯದೂ ಅದೇ ಬಗೆಯ ಕಥೆ. 1940ರ ಮೇ 13ರಂದು ಜರ್ಮನ್ ಪಡೆ ಸೆಡಾನ್ ಬಳಿ ಮ್ಯೂಸ್ ನದಿ ದಾಟಿದ್ದು ಇಂಥ ದೋಣಿಗಳಲ್ಲಿ. ಮಡಚಿದರೆ ಮೂಟೆ, ಗಾಳಿ ತುಂಬಿದರೆ ದೋಣಿ. ಗಾಡಿಯಲ್ಲಿ ಇದಕ್ಕಿಂತ ಕಡಿಮೆ ಜಾಗ ತಿನ್ನುವ ದೋಣಿ ಸಿಗುವುದು ಕಷ್ಟ. ಈಗಿನವುಗಳಲ್ಲಿ ಗಾಳಿಚೀಲವನ್ನು ಬೇರೆಬೇರೆ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ಮುಳುಗಿದ ಕಾಂಪೌಂಡಿನ ಕಬ್ಬಿಣದ ಮೊಳೆ ಒಂದು ಕೋಣೆಯನ್ನು ಹರಿದರೂ ಉಳಿದವು ಜನರನ್ನು ಹೊತ್ತು ದಡ ಸೇರಿಸುತ್ತವೆ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 10ನೇ ದಳದ ನೆಲೆ ಇರುವುದು ವಿಜಯವಾಡದ ಹತ್ತಿರದ ಕೊಂಡಪಾವುಲೂರಿನಲ್ಲಿ. ಮಳೆಗಾಲದಲ್ಲಿ ಈ ದಳದ ತಂಡಗಳು ದೋಣಿ, ಹಗ್ಗ, ಗರಗಸಗಳನ್ನು ಹೇರಿಕೊಂಡು ಕರ್ನಾಟಕದ ನದೀತೀರಗಳಿಗೂ ಬರುತ್ತವೆ.