ಕೈಬರಹದ ಗುರುತು ಹಿಡಿಯುವವರು

1956ರ ಜುಲೈ 4. ಅಮೆರಿಕದ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಮನೆಯ ಪಡಸಾಲೆಯ ಹೊರಗೆ ಮಲಗಿಸಿದ್ದ ಒಂದು ತಿಂಗಳ ಮಗು ಕಾಣೆಯಾಯಿತು. ತಾಯಿ ಒಳಗೆ ಹೋಗಿ ಬರುವಷ್ಟರಲ್ಲಿ ಮಗು ಇದ್ದಲ್ಲಿ ಒಂದು ಚೀಟಿಯಿತ್ತು. ಎರಡು ಸಾವಿರ ಡಾಲರ್ ಕೊಟ್ಟರೆ ಮಗುವನ್ನು ಮರಳಿಸುವುದಾಗಿ ಅದರಲ್ಲಿ ಬರೆದಿತ್ತು. ನೋಡಿದವರು ಯಾರೂ ಇಲ್ಲ. ಪೊಲೀಸರ ಕೈಯಲ್ಲಿ ಉಳಿದದ್ದು ಆ ಬರಹ ಮಾತ್ರ.

ಎಫ್‌ಬಿಐ ಪ್ರಯೋಗಾಲಯದ ಕೈಬರಹ ತಜ್ಞರು ಆ ಅಕ್ಷರಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಿದರು. ಇಂಗ್ಲಿಷಿನ ‘ಎಂ’ ಅಕ್ಷರವನ್ನು ಬರೆದವನು ಅಪರೂಪದ ರೀತಿಯಲ್ಲಿ ತಿರುವಿದ್ದ; ಅಡ್ಡ ಮಲಗಿಸಿದ ‘ಝೆಡ್’ನಂತೆ ಕಾಣುತ್ತಿತ್ತು. ಇಂಥ ಗುರುತುಗಳನ್ನು ತನಿಖಾಧಿಕಾರಿಗಳಿಗೆ ಕಲಿಸಿ, ಅವರನ್ನು ವಾಹನ ನೋಂದಣಿ ಕಚೇರಿ, ಮತದಾರರ ದಾಖಲೆ, ಕಾರ್ಖಾನೆ, ನ್ಯಾಯಾಲಯಗಳ ಕಡತಗಳ ಮುಂದೆ ಕೂರಿಸಲಾಯಿತು. ವಾರಗಟ್ಟಲೆ ಹಾಳೆ ತಿರುವಿದರು. ಸುಮಾರು ಇಪ್ಪತ್ತು ಲಕ್ಷ ಬರಹಗಳನ್ನು ನೋಡಿದ ಮೇಲೆ, ಆಗಸ್ಟ್ ತಿಂಗಳಲ್ಲಿ, ಬ್ರೂಕ್ಲಿನ್‌ನ ಪ್ರೊಬೇಷನ್ ಕಚೇರಿಯ ಒಂದು ಕಡತದಲ್ಲಿ ಅದೇ ‘ಎಂ’ ಸಿಕ್ಕಿತು. ಅದು ಏಂಜಲೋ ಲಾಮಾರ್ಕಾ ಎಂಬಾತನ ಕಡತ. ಅವನು ತಪ್ಪೊಪ್ಪಿಕೊಂಡ, ಮಗು ಮಾತ್ರ ಬದುಕಿರಲಿಲ್ಲ. 1958ರಲ್ಲಿ ಅವನಿಗೆ ಮರಣದಂಡನೆಯಾಯಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕಣ್ಣು ಮತ್ತು ಸಹನೆಯನ್ನಷ್ಟೇ ನಂಬಿ ನಡೆದ ಈ ತನಿಖೆಯನ್ನು ಓದಿದಾಗಲೆಲ್ಲ ಆ ಹೆಸರಿಲ್ಲದ ಅಧಿಕಾರಿಗಳ ಬಗ್ಗೆ ನನಗೆ ಗೌರವ ಮೂಡುತ್ತದೆ.

ಈ ವಿದ್ಯೆಗೆ ಅಪರಾಧ ತನಿಖೆಯಲ್ಲಿ ದಾಖಲೆ ಪರೀಕ್ಷೆ ಎಂದು ಹೆಸರು. ಅಪಹರಣಕಾರನ ಚೀಟಿ, ಬೆದರಿಕೆ ಪತ್ರ, ಆತ್ಮಹತ್ಯೆಯದೆಂದು ಹೇಳುವ ಕೊನೆಯ ಪತ್ರ, ತಿದ್ದಿದ ಚೆಕ್ಕು, ನಕಲಿ ಕ್ರಯಪತ್ರ, ಸಂಶಯದ ಉಯಿಲು ಇವೆಲ್ಲ ಪರೀಕ್ಷಕನ ಮೇಜಿಗೆ ಬರುತ್ತವೆ. ಇದಕ್ಕೆ ಶಾಸ್ತ್ರದ ಚೌಕಟ್ಟು ಕೊಟ್ಟವರಲ್ಲಿ ಮೊದಲಿಗರಾಗಿ ಅಮೆರಿಕದ ಆಲ್ಬರ್ಟ್ ಆಸ್ಬಾರ್ನ್ ಹೆಸರು ಬರುತ್ತದೆ. 1910ರಲ್ಲಿ ಅವರು ಬರೆದ ಪುಸ್ತಕದ ದಾರಿಯಲ್ಲೇ ಇಂದಿಗೂ ಪರೀಕ್ಷಕರು ನಡೆಯುತ್ತಾರೆ.

ದೂರದಿಂದ ಬರುವ ಮನೆಯವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತು ಹಿಡಿಯುತ್ತೇವಲ್ಲ, ಬರವಣಿಗೆಯೂ ಹಾಗೆಯೇ. ಶಾಲೆಯಲ್ಲಿ ಮೇಷ್ಟ್ರು ಎಲ್ಲ ಮಕ್ಕಳಿಗೂ ಒಂದೇ ಅಕ್ಷರ ತಿದ್ದಿಸುತ್ತಾರೆ. ವರ್ಷಗಳು ಕಳೆದಂತೆ ಪ್ರತಿಯೊಬ್ಬರೂ ಅದನ್ನು ತಮ್ಮ ಕೈಗೆ ಒಗ್ಗಿಸಿಕೊಳ್ಳುತ್ತಾರೆ. ಆಮೇಲೆ ಬರೆಯುವುದು ಯೋಚನೆಯಿಲ್ಲದೆ ನಡೆಯುವ ಅಭ್ಯಾಸವಾಗುತ್ತದೆ. ಗುರುತು ಉಳಿಯುವುದು ಅಲ್ಲಿಯೇ.

ಕನ್ನಡದ ಬರಹವನ್ನೇ ನೋಡಿ. ತಲಕಟ್ಟನ್ನು ಕೆಲವರು ಮೊದಲೇ ಎಳೆದು ಅಕ್ಷರಕ್ಕೆ ಇಳಿಯುತ್ತಾರೆ; ಕೆಲವರು ಅಕ್ಷರ ಮುಗಿಸಿ ಪೆನ್ನೆತ್ತಿ ಕೊನೆಗೆ ಹಾಕುತ್ತಾರೆ; ಇನ್ನು ಕೆಲವರು ಬಿಟ್ಟೇಬಿಡುತ್ತಾರೆ. ಒತ್ತಕ್ಷರ ನೇರ ಕೆಳಗೆ ಕೂರುತ್ತದೆಯೋ, ಬಲಕ್ಕೆ ಜಾರುತ್ತದೆಯೋ? ಕೊಂಬು ಅಕ್ಷರದಿಂದಲೇ ಹೊರಡುತ್ತದೆಯೋ, ಬೇರೆಯಾಗಿ ಅಂಟಿಕೊಳ್ಳುತ್ತದೆಯೋ? ಮಹಾಪ್ರಾಣದ ಸೀಳುಗೆರೆ ಎಷ್ಟು ಉದ್ದ, ಅರ್ಕಾವತ್ತು ಯಾವ ದಿಕ್ಕಿಗೆ ಮುಖ ಮಾಡಿದೆ, ಸೊನ್ನೆ ಪೂರ್ತಿ ಮುಚ್ಚಿದೆಯೇ? ಬರೆಯುವವನಿಗೆ ಇವು ಯಾವುವೂ ನೆನಪಿನಲ್ಲಿರುವುದಿಲ್ಲ. ಬರಹ ಮರೆಮಾಚಲು ಹೊರಟವನು ಅಕ್ಷರವನ್ನು ದೊಡ್ಡದು ಮಾಡುತ್ತಾನೆ, ಓರೆಯಾಗಿಸುತ್ತಾನೆ, ಎಡಗೈಗೆ ಪೆನ್ನು ಕೊಡುತ್ತಾನೆ. ಆದರೆ ಪದಗಳ ನಡುವೆ ಬಿಡುವ ಜಾಗ, ಸಾಲಿನ ಏರಿಳಿತ, ಅಂಚು ಬಿಡುವ ರೀತಿ ಇವುಗಳ ಮೇಲೆ ಅವನಿಗೆ ಹತೋಟಿ ಇರುವುದು ಕಡಿಮೆ. ಒಂದು ಪುಟ ದಾಟುವಷ್ಟರಲ್ಲಿ ಹಳೆಯ ಕೈ ಮರಳಿ ಬರುತ್ತದೆ.

ಇಲ್ಲಿ ಎಚ್ಚರ ಬೇಕಾದ ಒಂದು ಮಾತಿದೆ. ಬೆದರಿಕೆ ಪತ್ರದಲ್ಲಿ ‘ಹಣ’ ಎನ್ನುವ ಕಡೆ ‘ಅಣ’ ಎಂದಿದೆ, ಶಂಕಿತನೂ ಹಾಗೆಯೇ ಬರೆಯುತ್ತಾನೆ ಎಂದುಕೊಳ್ಳಿ. ಹಕಾರ ಬಿಟ್ಟು ಮಾತಾಡುವ ಸೀಮೆಯಲ್ಲಿ ಹಾಗೆ ಬರೆಯುವವರು ಸಾವಿರಾರು ಮಂದಿ. ಅದು ಊರಿನ ಗುರುತೇ ಹೊರತು ಒಬ್ಬ ವ್ಯಕ್ತಿಯ ಗುರುತಲ್ಲ. ಹಲವರಲ್ಲಿ ಕಾಣುವುದು ಯಾವುದು, ಒಬ್ಬನಿಗೇ ಸೇರಿದ್ದು ಯಾವುದು ಎಂದು ಬೇರ್ಪಡಿಸುವುದೇ ಪರೀಕ್ಷಕನ ವಿದ್ಯೆಯ ತಿರುಳು. ಹೋಲಿಕೆ ಹುಡುಕುವಷ್ಟೇ ಶ್ರದ್ಧೆಯಿಂದ ವ್ಯತ್ಯಾಸವನ್ನೂ ಹುಡುಕದವನು ಈ ಕೆಲಸಕ್ಕೆ ಬರಬಾರದು.

ಫೋರ್ಜರಿ ಸಹಿಯ ವಿಷಯ ಇನ್ನೂ ಸ್ವಾರಸ್ಯಕರ. ಯಾರೂ ತಮ್ಮ ರುಜುವನ್ನು ಎರಡು ಸಲ ಒಂದೇ ಅಚ್ಚಿನಂತೆ ಹಾಕುವುದಿಲ್ಲ. ಹಾಗಾಗಿ ಎರಡು ಸಹಿಗಳು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ತಪ್ಪದೆ ಕೂತರೆ, ಒಂದು ಇನ್ನೊಂದರ ಮೇಲೆ ತಿದ್ದಿದ್ದು ಎಂಬ ಅನುಮಾನ ಹುಟ್ಟುತ್ತದೆ. ನಿಜವಾದ ಸಹಿ ವೇಗವಾಗಿ ಓಡುತ್ತದೆ, ಗೆರೆಯ ತುದಿ ಸಣ್ಣದಾಗುತ್ತಾ ಮುಗಿಯುತ್ತದೆ. ನಕಲು ಮಾಡುವವನು ನಿಧಾನವಾಗಿ ಎಳೆಯುತ್ತಾನೆ. ಸೂಕ್ಷ್ಮದರ್ಶಕದ ಕೆಳಗೆ ಆ ಗೆರೆ ನಡುಗಿರುತ್ತದೆ, ತುದಿ ಮೊಂಡಾಗಿರುತ್ತದೆ, ಬೇಡದ ಕಡೆ ಪೆನ್ನು ಎತ್ತಿದ ಗುರುತು ಇರುತ್ತದೆ. ಆದರೆ ನಡುಗಿದ ಸಹಿಯೆಲ್ಲ ನಕಲಿಯಲ್ಲ. ಹಾಸಿಗೆ ಹಿಡಿದ ಹಿರಿಯರು ಉಯಿಲಿಗೆ ಹಾಕಿದ ಸಹಿಯೂ ನಡುಗುತ್ತದೆ. ಮುಪ್ಪಿನ ನಡುಕ, ಕಳ್ಳತನದ ನಡುಕ ಎರಡನ್ನೂ ಬೇರೆ ಮಾಡಲು ಆ ವ್ಯಕ್ತಿ ಅದೇ ಕಾಲದಲ್ಲಿ, ಅದೇ ಅನಾರೋಗ್ಯದಲ್ಲಿ ಹಾಕಿದ ಬೇರೆ ಸಹಿಗಳು ಬೇಕು.

ಮಾದರಿ ಬರಹದ ಮಹತ್ವ ಇದೇ. ಸಂಶಯದ ದಾಖಲೆಗೆ ಪ್ರಯೋಗಾಲಯದಲ್ಲಿ ‘ಕ್ಯೂ’ ಎಂದು ಗುರುತು ಹಾಕುತ್ತಾರೆ. ಅಧಿಕಾರಿಯ ಮುಂದೆ ಬರೆಸಿಕೊಂಡದ್ದು ‘ಎಸ್’, ವ್ಯಕ್ತಿಯದೇ ಎಂದು ಒಪ್ಪಿತವಾದ ಹಳೆಯ ಬರಹ ‘ಎ’. ಬರೆಸುವಾಗ ಮೂಲ ಪತ್ರವನ್ನು ತೋರಿಸಕೂಡದು. ಓದಿ ಹೇಳಿ ಬರೆಸಬೇಕು. ಕಾಗುಣಿತ ಹೇಳಿಕೊಡಕೂಡದು. ಅದೇ ಬಗೆಯ ಪೆನ್ನು, ಅದೇ ಅಳತೆಯ ಹಾಳೆ ಕೊಟ್ಟು, ಬರೆದ ಹಾಳೆಯನ್ನು ತೆಗೆದಿಟ್ಟು ಮತ್ತೆ ಮತ್ತೆ ಬರೆಸಬೇಕು. ವಿಮಾನಯಾನಿ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣ ಮತ್ತು ಕೊಲೆಯ ಮೊಕದ್ದಮೆ 1935ರಲ್ಲಿ ನಡೆದಾಗ, ಆಸ್ಬಾರ್ನ್ ಸೇರಿದಂತೆ ಹಲವು ತಜ್ಞರು ಹಣ ಕೇಳಿದ ಪತ್ರಗಳು ಬ್ರೂನೋ ಹಾಪ್ಟ್‌ಮನ್‌ನವು ಎಂದು ಸಾಕ್ಷ್ಯ ನುಡಿದರು. ಪೊಲೀಸರು ಹೇಳಿದ ಹಾಗೆಯೇ ತಪ್ಪು ಕಾಗುಣಿತ ಬರೆದೆನೆಂದು ಆತ ಕಟಕಟೆಯಲ್ಲಿ ವಾದಿಸಿದ. ಅವನಿಗೆ 1936ರಲ್ಲಿ ಮರಣದಂಡನೆಯಾದರೂ ಆ ಪ್ರಶ್ನೆಯ ಚರ್ಚೆ ಇಂದಿಗೂ ನಿಂತಿಲ್ಲ. ಮಾದರಿ ಪಡೆಯುವ ಕ್ರಮ ಕೆಟ್ಟರೆ ತಜ್ಞರ ಅಭಿಪ್ರಾಯದ ಮೇಲೂ ಅದರ ನೆರಳು ಬೀಳುತ್ತದೆ.

ಇದಕ್ಕಿಂತ ದೊಡ್ಡ ಪಾಠ 1983ರ ಹಿಟ್ಲರ್ ದಿನಚರಿಯದು. ಜರ್ಮನಿಯ ಸ್ಟರ್ನ್ ಪತ್ರಿಕೆ 90 ಲಕ್ಷಕ್ಕೂ ಹೆಚ್ಚು ಮಾರ್ಕ್ ಕೊಟ್ಟು ಹಿಟ್ಲರನ ಕೈಬರಹದ ದಿನಚರಿಗಳನ್ನು ಕೊಂಡಿತ್ತು. ಕೈಬರಹ ತಜ್ಞರು ಹೋಲಿಸಿ ನೋಡಿ, ಬರಹ ಹಿಟ್ಲರನದೇ ಎಂದರು. ಆದರೆ ಹೋಲಿಕೆಗೆಂದು ಕೊಟ್ಟಿದ್ದ ‘ಅಸಲಿ’ ಮಾದರಿಗಳಲ್ಲೂ ಅದೇ ನಕಲುಗಾರ ಕೊನ್ರಾಡ್ ಕುಯಾವ್ ಬರೆದವು ಸೇರಿದ್ದವು! ಎರಡೂ ಒಂದೇ ಕೈಯವು ಎಂದ ತಜ್ಞರ ಮಾತು ಒಂದರ್ಥದಲ್ಲಿ ನಿಜವೇ ಆಗಿತ್ತು. ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಕಾಗದ. ಯುದ್ಧ ಮುಗಿದ ಮೇಲಷ್ಟೇ ಬಳಕೆಗೆ ಬಂದ, ಬಿಳುಪು ಹೆಚ್ಚಿಸುವ ರಾಸಾಯನಿಕ ಅದರಲ್ಲಿತ್ತು.

ತಜ್ಞನ ಅಹಂಕಾರ ಏನು ಮಾಡಬಲ್ಲದು ಎಂಬುದಕ್ಕೆ ಫ್ರಾನ್ಸಿನ ಡ್ರೈಫಸ್ ಪ್ರಕರಣ ಸಾಕ್ಷಿ. 1894ರಲ್ಲಿ ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಿಂದ ಸೇನೆಯ ರಹಸ್ಯ ಮಾರುವ ಚೀಟಿಯೊಂದು ಸಿಕ್ಕಿತು. ಅನುಮಾನ ಯಹೂದಿ ಅಧಿಕಾರಿ ಆಲ್ಫ್ರೆಡ್ ಡ್ರೈಫಸ್ ಮೇಲೆ ಬಿತ್ತು. ದೇಹದ ಅಳತೆಗಳಿಂದ ಅಪರಾಧಿಗಳನ್ನು ಗುರುತಿಸುವ ಪದ್ಧತಿ ರೂಪಿಸಿ ಹೆಸರಾಗಿದ್ದ ಆಲ್ಫೋನ್ಸ್ ಬೆರ್ಟಿಯೋನ್ ಕೈಬರಹ ತಜ್ಞರೇ ಆಗಿರಲಿಲ್ಲ. ಆದರೂ ಅಭಿಪ್ರಾಯ ಕೊಟ್ಟರು. ಬರಹಗಳು ಹೊಂದದ ಕಡೆ, ಡ್ರೈಫಸ್ ತನ್ನ ಬರಹವನ್ನು ತಾನೇ ಬೇಕೆಂದು ನಕಲು ಮಾಡಿಕೊಂಡಿದ್ದಾನೆ ಎಂದರು. ಹೊಂದಿದರೂ ಅಪರಾಧಿ, ಹೊಂದದಿದ್ದರೂ ಅಪರಾಧಿ! ಡ್ರೈಫಸ್‌ರನ್ನು ಡೆವಿಲ್ಸ್ ಐಲೆಂಡ್ ದ್ವೀಪಕ್ಕೆ ಅಟ್ಟಿದರು. ಆ ಚೀಟಿಯನ್ನು ನಿಜಕ್ಕೂ ಬರೆದವನು ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿ. ಗಣಿತಜ್ಞ ಆನ್ರಿ ಪ್ವಾಂಕರೆ ಮತ್ತಿಬ್ಬರು ಬೆರ್ಟಿಯೋನ್ ಲೆಕ್ಕಾಚಾರಕ್ಕೆ ಯಾವ ಬೆಲೆಯೂ ಇಲ್ಲವೆಂದು ವರದಿ ಕೊಟ್ಟರು. ಡ್ರೈಫಸ್ ನಿರ್ದೋಷಿ ಎಂದು ಘೋಷಿತರಾದಾಗ 1906 ಬಂದಿತ್ತು. ಹನ್ನೆರಡು ವರ್ಷ.

ಯಂತ್ರಗಳು ಇಂದು ಪರೀಕ್ಷಕನ ಜೊತೆಗಿವೆ. ಕಣ್ಣಿಗೆ ಒಂದೇ ಕಪ್ಪಾಗಿ ಕಾಣುವ ಎರಡು ಶಾಯಿಗಳಲ್ಲಿ ಒಂದು ಅತಿಗೆಂಪು ಬೆಳಕಿನಲ್ಲಿ ಮಾಯವಾಗಬಹುದು, ಇನ್ನೊಂದು ಉಳಿಯಬಹುದು. ಚೆಕ್ಕಿಗೆ ಆಮೇಲೆ ಸೇರಿಸಿದ ಸೊನ್ನೆ ಹೀಗೆ ಸಿಕ್ಕಿಬೀಳುತ್ತದೆ. 1970ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಎಸ್ಡಾ ಎಂಬ ಉಪಕರಣ, ಮೇಲಿನ ಹಾಳೆಯಲ್ಲಿ ಬರೆದಾಗ ಕೆಳಗಿನ ಹಾಳೆಯ ಮೇಲೆ ಬಿದ್ದ ಕಾಣದ ಒತ್ತುಗುರುತನ್ನು ಸ್ಥಿರವಿದ್ಯುತ್ತಿನಿಂದ ಎತ್ತಿ ತೋರಿಸುತ್ತದೆ. ಪತ್ರಿಕೆ ಹಂಚುತ್ತಿದ್ದ 13 ವರ್ಷದ ಹುಡುಗನೊಬ್ಬ 1978ರಲ್ಲಿ ಇಂಗ್ಲೆಂಡಿನಲ್ಲಿ ಕೊಲೆಯಾಗಿದ್ದ, ನಾಲ್ವರಿಗೆ ಶಿಕ್ಷೆಯಾಗಿತ್ತು. ಒಬ್ಬನ ತಪ್ಪೊಪ್ಪಿಗೆಯ ಹಾಳೆಯನ್ನು ಎಸ್ಡಾದಲ್ಲಿಟ್ಟಾಗ, ಅದರ ಮೇಲಿದ್ದ ಇನ್ನೊಂದು ಹಾಳೆಯಲ್ಲಿ ಸಹ ಆರೋಪಿಯ ಹೆಸರಿನಲ್ಲಿ ಸುಳ್ಳು ತಪ್ಪೊಪ್ಪಿಗೆ ಬರೆದ ಗುರುತು ಎದ್ದು ಬಂತು. ಪೊಲೀಸರು ಅದನ್ನು ತೋರಿಸಿ ಮೊದಲನೆಯವನನ್ನು ಬಗ್ಗಿಸಿದ್ದರು. 1997ರಲ್ಲಿ ಮೂವರು ಬಿಡುಗಡೆಯಾದರು. ತಪ್ಪೊಪ್ಪಿಕೊಂಡಿದ್ದ ಆತ ಅಷ್ಟರಲ್ಲಿ ಜೈಲಿನಲ್ಲೇ ಸತ್ತಿದ್ದ. ಪೊಲೀಸರ ಪರವಾಗಿ ದುಡಿಯುವ ವಿದ್ಯೆ ಪೊಲೀಸರ ಸುಳ್ಳನ್ನೂ ಹೊರಗೆಳೆಯಿತು ಎಂಬುದು ನನಗೆ ಇದರ ಅತಿ ದೊಡ್ಡ ಹೆಮ್ಮೆ.

ನಮ್ಮ ದೇಶದಲ್ಲಿ ಇದರ ಆರಂಭ 1904ರಲ್ಲಿ. ಬಂಗಾಳ ಸರ್ಕಾರ ಸಿ.ಆರ್. ಹಾರ್ಡ್‌ಲೆಸ್ ಅವರನ್ನು ಕೈಬರಹ ತಜ್ಞರಾಗಿ ನೇಮಿಸಿತು. 1906ರಲ್ಲಿ ಕಚೇರಿ ಶಿಮ್ಲಾಕ್ಕೆ ಹೋಯಿತು. ಮುಂದೆ ಕೋಲ್ಕತ್ತ, ಹೈದರಾಬಾದ್‌ಗಳಲ್ಲೂ ಕೇಂದ್ರದ ದಾಖಲೆ ಪರೀಕ್ಷಾ ಕಚೇರಿಗಳು ಬಂದವು. ಕರ್ನಾಟಕದ ಹಲವು ಪ್ರಕರಣಗಳು ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಪೊಲೀಸರ ಮಾತಿನಲ್ಲಿ ಎಫ್‌ಎಸ್‌ಎಲ್‌ಗೆ, ಹೋಗುತ್ತವೆ.

ಆರೋಪಿಯಿಂದ ಬರಹದ ಮಾದರಿ ಪಡೆಯುವುದು ಅವನನ್ನೇ ಅವನ ವಿರುದ್ಧ ಸಾಕ್ಷಿ ಮಾಡಿದಂತೆ ಅಲ್ಲ ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲಿ ಕಾಥಿ ಕಾಲು ಪ್ರಕರಣದಲ್ಲಿ ಹೇಳಿತು. ತಜ್ಞರ ಅಭಿಪ್ರಾಯಕ್ಕೆ ಎಷ್ಟು ತೂಕ ಎಂಬ ಪ್ರಶ್ನೆಗೆ ಉತ್ತರ ನಿಧಾನವಾಗಿ ಮೂಡಿತು. ಅದೊಂದನ್ನೇ ನಂಬಿ ಶಿಕ್ಷಿಸುವುದು ಅಪಾಯವೆಂದು 1977ರಲ್ಲಿ ಮಗನ್ ಬಿಹಾರಿ ಲಾಲ್ ಪ್ರಕರಣದಲ್ಲಿ ಕೋರ್ಟು ಆರೋಪಿಯನ್ನು ಬಿಟ್ಟಿತು. 1980ರ ಮುರಾರಿ ಲಾಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರು, ಬೇರೆ ಸಾಕ್ಷ್ಯ ಇರಲೇಬೇಕೆಂಬ ಕಟ್ಟುನಿಟ್ಟಿನ ನಿಯಮವಿಲ್ಲ, ಆದರೆ ಎಚ್ಚರ ಬೇಕೇ ಬೇಕು, ತಜ್ಞ ಕೊಡುವ ಕಾರಣಗಳನ್ನು ಪರಿಶೀಲಿಸಬೇಕು ಎಂದರು. ಈ ನಿಲುವೇ ಸರಿ ಎಂದು ನನ್ನ ಅಭಿಪ್ರಾಯ. 2024ರ ಜುಲೈಯಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ತಜ್ಞರ ಅಭಿಪ್ರಾಯಕ್ಕೆ ಹಿಂದಿನಂತೆಯೇ ಸ್ಥಾನ ಕೊಟ್ಟಿದೆ.

ತಜ್ಞರು ತಪ್ಪುವುದೆಷ್ಟು? ಅಮೆರಿಕದಲ್ಲಿ 86 ಪರೀಕ್ಷಕರಿಗೆ ಬರಹಗಳನ್ನು ಕೊಟ್ಟು ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆಯವರ ಬರಹವನ್ನು ಒಬ್ಬನದೇ ಎಂದು ತಪ್ಪಾಗಿ ಹೇಳಿದ್ದು ಶೇ 3.1, ಒಬ್ಬನದೇ ಬರಹವನ್ನು ಅಲ್ಲ ಎಂದದ್ದು ಶೇ 1.1. ಒಳ್ಳೆಯ ಅಂಕಿಯೇ. ಆದರೂ ಒಬ್ಬ ಮನುಷ್ಯನ ಬಿಡುಗಡೆ ಅಥವಾ ಸೆರೆಮನೆ ಇದರ ಮೇಲೆ ನಿಂತಾಗ ಶೇ 3 ಚಿಕ್ಕದಲ್ಲ. ಹಾಗೆಯೇ ಅಕ್ಷರ ನೋಡಿ ಸ್ವಭಾವ, ಪ್ರಾಮಾಣಿಕತೆ, ಭವಿಷ್ಯ ಹೇಳುವ ಗ್ರಾಫಾಲಜಿಗೂ ಈ ವಿದ್ಯೆಗೂ ಸಂಬಂಧವಿಲ್ಲ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ತನಿಖೆಯ ಹತ್ತಿರವೂ ಅದನ್ನು ಬಿಡಬಾರದು.

ಓದುಗರಲ್ಲಿ ಒಂದು ವಿನಂತಿ. ಹಳೆಯ ಪತ್ರ, ಉಯಿಲು, ಕ್ರಯಪತ್ರಗಳ ಅಸಲನ್ನು ಕಾಪಾಡಿ. ಜೆರಾಕ್ಸಿನಲ್ಲಿ ಪೆನ್ನಿನ ಒತ್ತಡ, ಎತ್ತಿದ ಗುರುತು ಉಳಿಯುವುದಿಲ್ಲ. ಲ್ಯಾಮಿನೇಷನ್ ಮಾಡಿಸಬೇಡಿ. ಬೆದರಿಕೆ ಪತ್ರ ಬಂದರೆ ಲಕೋಟೆಯ ಸಮೇತ ಪ್ಲಾಸ್ಟಿಕ್ ಕವರಿನಲ್ಲಿಡಿ, ಅದರ ಮೇಲೆ ಬೇರೆ ಹಾಳೆ ಇಟ್ಟು ಬರೆಯಬೇಡಿ. ಮುಖ್ಯವಾಗಿ, ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾರಿಗೂ ಕೊಡಬೇಡಿ. ಮೊತ್ತವನ್ನು ಬೇರೆಯವರು ತುಂಬಿದ್ದರೂ, ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಚೆಕ್ಕಿಗೆ ಕೊಟ್ಟವರೇ ಹೊಣೆ ಎಂದು ಕಾನೂನು ಭಾವಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಸಹಿ ನಿಮ್ಮದೇ ಆಗಿದ್ದರೆ ಕೈಬರಹ ತಜ್ಞ ನಿಮ್ಮನ್ನು ಕಾಪಾಡಲಾರ.