ಬಾಗಿಲು ಮುಚ್ಚಿದಾಗ ಹೊತ್ತು ಯಾರಿಗಾಗಿ?



ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೊತ್ತೂ ಅಷ್ಟೇ, ಹೋದದ್ದು ಬಾರದು. ಆದರೆ 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಲಾಕ್‌ಡೌನ್ ಬಂದಾಗ ನಮ್ಮ ಮಲ್ಕಾಜ್‌ಗಿರಿಯಲ್ಲಿ ಹೊತ್ತೇ ಒಂದು ಹೊರೆಯಾಯಿತು. ಸ್ಟೇಷನ್ನಿಗೆ ಪ್ಯಾಸೆಂಜರ್ ರೈಲಿಲ್ಲ, ಕಾಲೇಜಿಲ್ಲ, ಚರ್ಚಿಗೂ ಬೀಗ. ಏಪ್ರಿಲ್ 12ರ ಈಸ್ಟರ್ ಆರಾಧನೆ ಕೂಡ ಮನೆಯಲ್ಲೇ ಆಯಿತು. "ಹೊತ್ತು ಹೇಗೆ ಕಳೆಯೋದು ಆಂಟಿ?" ಎಂದು ಫೋನಿನಲ್ಲಿ ಕೇಳಿದ ಮಕ್ಕಳು ಎಷ್ಟೋ ಮಂದಿ. ಕ್ರೈಸ್ತ ನಂಬಿಕೆ ಕೇಳುವ ಪ್ರಶ್ನೆ ಬೇರೆ: ಈ ಹೊತ್ತು ಯಾರಿಗಾಗಿ?

ಸಂತ ಪೌಲನನ್ನು ನೋಡಿ. ರೋಮಿನಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿ, ಸಿಪಾಯಿಯ ಕಾವಲಿನಲ್ಲಿ ಇದ್ದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಹೊರಗೆ ಹೋಗುವಂತಿರಲಿಲ್ಲ, ಬಂದವರನ್ನೆಲ್ಲ ಸ್ವಾಗತಿಸಿದ. ಸೆರೆಯಿಂದ ಬರೆದ ಫಿಲಿಪ್ಪಿಯವರ ಪತ್ರಿಕೆಯಲ್ಲಿ ದೂರಿಗಿಂತ ಸಂತೋಷದ ಮಾತೇ ಹೆಚ್ಚು.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಜಾನ್ ಬನ್ಯನ್ ಕೂಡ ನೆನಪಾಗುತ್ತಾನೆ. ಅನುಮತಿಯಿಲ್ಲದೆ ಬೋಧಿಸಿದನೆಂದು 1660ರಲ್ಲಿ ಅವನನ್ನು ಬೆಡ್‌ಫರ್ಡ್ ಜೈಲಿಗೆ ಹಾಕಿದರು. ಇನ್ನು ಬೋಧಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರೆ ಹೊರಗೆ ಬರಬಹುದಿತ್ತು. ಕೊಡಲಿಲ್ಲ. ಹನ್ನೆರಡು ವರ್ಷ ಒಳಗಿದ್ದ. ಮನೆಯಲ್ಲಿ ಹೆಂಡತಿ, ಮಕ್ಕಳು. ಹಿರಿಯ ಮಗಳಿಗೆ ಕಣ್ಣು ಕಾಣದು. ಅವರ ಹೊಟ್ಟೆಪಾಡಿಗೆ ಜೈಲಿನಲ್ಲೇ ಕುಳಿತು ಲೇಸು ದಾರಗಳನ್ನು ಮಾಡಿ ಮಾರಿಸಿದ. ಜೊತೆಗೆ ಬರೆದ. 1678ರಲ್ಲಿ ಅಚ್ಚಾದ ಅವನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಹತ್ತೊಂಬತ್ತನೆಯ ಶತಮಾನದಲ್ಲೇ ಬಾಸೆಲ್ ಮಿಶನ್ನಿನವರ ಕೈಯಿಂದ ಕನ್ನಡಕ್ಕೂ ಬಂತು. ಪುಸ್ತಕದಷ್ಟೇ ಆ ದಾರವೂ ನನಗೆ ದೊಡ್ಡದಾಗಿ ಕಾಣುತ್ತದೆ. ಎರಡೂ ಇನ್ನೊಬ್ಬರಿಗಾಗಿ ಮಾಡಿದ ಕೆಲಸ.

ಇವರೆಲ್ಲ ದೊಡ್ಡವರು, ನಮ್ಮಂಥವರು ಏನು ಮಾಡಲಾದೀತು ಎನ್ನಬೇಡಿ. ನಮ್ಮ ಬೀದಿಯ ಒಬ್ಬ ಇಂಜಿನಿಯರಿಂಗ್ ಹುಡುಗ, ಕಣ್ಣು ಮಂಜಾಗಿ ಒಂಟಿಯಾಗಿದ್ದ ಅಜ್ಜಿಗೆ ಪ್ರತಿ ಸಂಜೆ ಏಳಕ್ಕೆ ಫೋನಿನಲ್ಲಿ ಒಂದೊಂದು ಕೀರ್ತನೆ ಓದಲು ಶುರುಮಾಡಿದ. ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಕಲಿತದ್ದು ತೆಲುಗು. ಎರಡು ಲಿಪಿಗಳೂ ಅಕ್ಕತಂಗಿಯರಲ್ಲವೇ, ವಾರದಲ್ಲಿ ಅಕ್ಷರ ಹಿಡಿದ. ತಪ್ಪಿದಾಗ ಅಜ್ಜಿ, "ಅಲ್ಲಪ್ಪಾ, ಅದು ಹೊಟ್ಟೆ ಸೀಳಿದ 'ಧ'" ಎಂದು ತಿದ್ದುತ್ತಿದ್ದರು. 176 ವಚನಗಳ 119ನೆಯ ಕೀರ್ತನೆಗೆ ನಾಲ್ಕು ಸಂಜೆ ಬೇಕಾಯಿತು. ಸೆಪ್ಟೆಂಬರಿನ ಹೊತ್ತಿಗೆ 150 ಕೀರ್ತನೆಗಳೂ ಮುಗಿದವು. ಅಜ್ಜಿಗೆ ದಿನಕ್ಕೊಂದು ದನಿ ಸಿಕ್ಕಿತು, ಹುಡುಗನಿಗೆ ತಾಯಿನುಡಿಯ ಅಕ್ಷರ ಸಿಕ್ಕಿತು.

ಆ ದಿನಗಳಲ್ಲಿ ಮನೆಯವರನ್ನು ಕಳೆದುಕೊಂಡವರೂ ಜ್ವರದಲ್ಲಿ ಮಲಗಿದವರೂ ಇದ್ದರು. ಅವರಿಗೆ ಉಸಿರು ಹಿಡಿದು ಬದುಕಿದ್ದೇ ದೊಡ್ಡ ಕೆಲಸ. ಹೊತ್ತನ್ನು ಹೇಗೆ ಬಳಸಿದಿರಿ ಎಂದು ಅವರಿಂದ ಲೆಕ್ಕ ಕೇಳುವುದು ಕ್ರೈಸ್ತ ಪ್ರೀತಿಯಲ್ಲ.

ಲಾಕ್‌ಡೌನ್ ಮುಗಿದಿದೆ, ಒಂಟಿತನ ಮುಗಿದಿಲ್ಲ. ಪರವೂರಿನ ಹಾಸ್ಟೆಲು, ಕಾಲು ಮುರಿದು ಮಲಗಿದ ತಿಂಗಳು, ಕೆಲಸ ಸಿಗದೆ ಕಾಯುವ ವರ್ಷ, ಇವೆಲ್ಲ ನಿಮಗೂ ಬರಬಹುದು. ಆಗ ಮೂರು ವಿಷಯ ನೆನಪಿಡಿ. ಏಳುವ, ಪ್ರಾರ್ಥಿಸುವ, ಮಲಗುವ ವೇಳೆ ಗೊತ್ತಾಗಿರಲಿ. ತಲೆಗೊಂದು ಕೆಲಸವಿದ್ದಂತೆ ಕೈಗೂ ಒಂದಿರಲಿ. ಅಡುಗೆ, ಹೊಲಿಗೆ, ಗಿಡ, ಯಾವುದಾದರೂ ಸರಿ. ದಿನಕ್ಕೆ ಅರ್ಧ ಗಂಟೆ ನಿಮಗಿಂತ ಒಂಟಿಯಾದ ಒಬ್ಬರಿಗೆ ಮೀಸಲಿರಲಿ. ಕ್ರೈಸ್ತರಲ್ಲದ ಮಕ್ಕಳೂ ಪ್ರಾರ್ಥನೆಯ ವೇಳೆಯನ್ನು ತಮ್ಮ ಮನೆಯ ಪದ್ಧತಿಯಂತೆ ಇಟ್ಟುಕೊಳ್ಳಬಹುದು.

ಕೊನೆಯ ಆ ಅರ್ಧ ಗಂಟೆಗೆ ಬಾಗಿಲು ತೆರೆಯುವವರೆಗೆ ಕಾಯಬೇಕಾಗಿಲ್ಲ. ನಮ್ಮ ಸಂಘದ ಹಿರಿಯರಲ್ಲಿ ಕನ್ನಡದ ಒಂದು ಮಾತಿಗಾಗಿ ಕಾಯುತ್ತಿರುವವರು ಈಗಲೂ ಇದ್ದಾರೆ. ಇವತ್ತೇ ಒಬ್ಬರಿಗೆ ಫೋನು ಮಾಡಿ.